ಆಕಳಂಥ ಕುದುರೆ

"ಅಕ್ಕಾರ, ಇದು ಹೆಸರಿಗಷ್ಟ ಕುದುರಿ. ಗುಣಾ ನೋಡಿದ್ರ ಆಕಳ. ಕೂಸಿನ್ನ ಹೊಟ್ಟಿ ಕೆಳಗ ಮಲಗಿಸ್ರಿ, ಕಾಲ ಎತ್ತಂಗಿಲ್ಲ."

ಸೊರಡಿಯ ಹತ್ತಿರದ ತನ್ನ ಅಂಗಳದಲ್ಲಿ ನಿಂತು ಕುದುರೆ ಮಾರುವ ಆ ಮನುಷ್ಯ ಹೇಳಿದ ಮಾತು ನನಗೆ ಇವತ್ತಿಗೂ ಬಾಯಿಪಾಠ. ನೆನಪಾದಾಗಲೆಲ್ಲ ಮೈ ಉರಿಯುತ್ತದೆ. ಕುದುರೆ ಕುರುಬರ ಹೇರು ಹೊತ್ತು ಬೆಳೆದದ್ದು, ಆರು ವರ್ಷದ್ದು, ಅದರ ಮೇಲೆ ಯಾರೂ ಕೈ ಎತ್ತಿಲ್ಲ ಎಂದೂ ಹೇಳಿದ. ಮೂರಕ್ಕೆ ಮೂರೂ ಸುಳ್ಳು.

ಯಳವಿಯ ನಮ್ಮ ಮನೆಯಿಂದ ದಾಳಿಂಬೆ ತೋಟಕ್ಕೆ ಹೋಗುವ ದಾರಿ ಬರೀ ಕಲ್ಲು, ನಡುವೆ ಒಂದು ಹಳ್ಳ. ಆ ಹಳ್ಳದಲ್ಲಿ ಎರಡು ಸಲ ಸ್ಕೂಟಿಯಿಂದ ಬಿದ್ದು ಎಡಗೈ ಮುರಿದುಕೊಂಡಿದ್ದೆ. ನಮ್ಮಜ್ಜ ಕಾಳಿನ ವ್ಯಾಪಾರಕ್ಕೆ ಕುದುರೆಯ ಮೇಲೆ ಊರೂರು ತಿರುಗುತ್ತಿದ್ದ. ಚಿಕ್ಕಂದಿನಲ್ಲಿ ನನ್ನನ್ನೂ ಮುಂದೆ ಕೂರಿಸಿಕೊಳ್ಳುತ್ತಿದ್ದ. ಹಾಗಾಗಿ ನಲವತ್ತೆಂಟನೆಯ ವಯಸ್ಸಿನಲ್ಲಿ ನಾನೂ ಕುದುರೆ ತರುತ್ತೇನೆಂದೆ. ಜತ್ತಿನಲ್ಲಿ ಬಟ್ಟೆ ಅಂಗಡಿ ನಡೆಸುವ ನನ್ನ ಗಂಡ ನಕ್ಕರು. ಊರೂ ನಕ್ಕಿತು. ಅವರು ನಕ್ಕಷ್ಟು ನನ್ನ ಹಟ ಹೆಚ್ಚಿತು. ಆ ಹಟದಲ್ಲಿ ಸರಿಯಾಗಿ ನೋಡಲಿಲ್ಲ. ಕಂದು ಬಣ್ಣದ ಆ ಹೆಣ್ಣು ಕುದುರೆ ಕೆಳತುಟಿ ಜೋತುಬಿಟ್ಟು, ತಲೆ ತಗ್ಗಿಸಿ ನಿಂತಿತ್ತು. ಸಾಧು ಪ್ರಾಣಿ ಎಂದುಕೊಂಡೆ. ಮಂಪರು ಬರುವಂಥದ್ದೇನೋ ತಿನ್ನಿಸಿದ್ದಾರೆ ಎಂಬುದು ಹೊಳೆಯಲೇ ಇಲ್ಲ.

ಮರುದಿನ ಮಂಪರು ಇಳಿಯಿತು. ನೀರಿಡಲು ಹೋದವಳ ಭುಜವನ್ನು ಕುದುರೆ ಕಚ್ಚಿ ಹಿಡಿಯಿತು. ಕುಪ್ಪಸದ ಬಟ್ಟೆ ಹರಿದು ಹಲ್ಲಿನ ಗುರುತು ಮೂಡಿತು. ನಾಲ್ಕು ದಿನದಲ್ಲಿ ಕೊಟ್ಟಿಗೆಯ ತಗಡಿನ ಬಾಗಿಲು ಒದ್ದು ಡೊಂಕು ಮಾಡಿತು. ಜೀನು ಕಂಡರೆ ನೆಲಕ್ಕೆ ಬಿದ್ದು ಹೊರಳುತ್ತಿತ್ತು. ನಾನು ಮಾರಿದವನಿಗೆ ಫೋನು ಮಾಡಿದೆ. ಮೊದಲ ಸಲ, "ಜಾಗಾ ಹೊಸಾದು, ಹೊಂದಿಕೋತೈತಿ ಬಿಡ್ರಿ" ಎಂದ. ಆಮೇಲೆ ಎತ್ತಲೇ ಇಲ್ಲ.

ಒಂದು ಮುಂಜಾನೆ ಅದು ಹುರುಳಿಯ ಬುಟ್ಟಿಯನ್ನು ನನ್ನ ಮೊಳಕಾಲಿಗೆ ಬಡಿಯುವಂತೆ ಒದ್ದಾಗ ನನಗೆ ತಡೆಯಲಾಗಲಿಲ್ಲ. ಮೂಲೆಯಲ್ಲಿದ್ದ ಕೋಲು ಎತ್ತಿಕೊಂಡೆ. ಹೊಡೆಯಲಿಲ್ಲ, ಹೊಡೆಯುವವಳಿದ್ದೆ. ಕೋಲು ಮೇಲೆದ್ದ ಕ್ಷಣಕ್ಕೆ ಕುದುರೆ ಕೊರಳು ಬಿಗಿದುಕೊಂಡು ಮುಂಗಾಲನ್ನು ಒಂದಾದ ಮೇಲೊಂದು ಎತ್ತಿ ಎತ್ತಿ ಇಡತೊಡಗಿತು. ತಾಳ ತಪ್ಪದ ಕುಣಿತ. ಗಂಡ ಹೊರಗೆ ಓಡಿ ಬಂದು, "ಏ, ಡಾನ್ಸ್ ಮಾಡಾಕ ಹತ್ತೇತಲ್ಲ!" ಎಂದು ಮೊಬೈಲ್ ತೆಗೆದರು. ನಾನೂ ನಕ್ಕೆ. ಅದನ್ನು ಬರೆಯಲೇಬೇಕು. ಎರಡು ವಾರದಲ್ಲಿ ಮೊದಲ ಸಲ ನಕ್ಕೆ, ಕೋಲು ಇನ್ನೊಮ್ಮೆ ಎತ್ತಿದೆ, ಅದು ಇನ್ನೊಮ್ಮೆ ಕುಣಿಯಿತು.

ಆಗ ನಮ್ಮ ಜೋಳದ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ತರುಬಿದ್ದ ಮುದುಕನೊಬ್ಬ ನೀರು ಕೇಳಿಕೊಂಡು ಅಂಗಳಕ್ಕೆ ಬಂದಿದ್ದ. ಅವನಿಗೆ ನಗು ಬರಲಿಲ್ಲ.

"ಯವ್ವಾ, ಮದ್ಲ ಆ ಬಡಗಿ ಒಗಿ" ಎಂದ. "ಅದು ಕುಣ್ಯಾಕ ಹತ್ತಿಲ್ಲ, ಅಂಜಾಕ ಹತ್ತೇತಿ."

ಕೋಲು ಬಿಸಾಕಿದೆ. ಮುದುಕ ಸೊಂಟ ಬಾಗಿಸಿ, ಓರೆಯಾಗಿ, ಕುದುರೆಯ ಕಡೆ ನೋಡದೆ ಅದರ ಪಕ್ಕಕ್ಕೆ ಹೋದ. ಗೊರಸಿನ ಮೇಲಿನ ಕೂದಲು ಸರಿಸಿ ತೋರಿಸಿದ. ನಾಲ್ಕೂ ಕಾಲಿಗೆ ಹಗ್ಗ ಕೊರೆದ ಬಿಳಿ ಗೆರೆಗಳು, ಮುಂಗಾಲ ಎಲುಬಿನ ಮೇಲೆ ಗಂಟುಗಂಟಾದ ಹಳೆಯ ಗಾಯ. ಬಾಯಿಯ ಎರಡೂ ಕೊನೆ ಹರಿದು ಕೂಡಿಕೊಂಡಿದ್ದವು.

"ಲಗ್ನದಾಗ ಕುಣಿಸೋ ಕುದುರಿ ಇದು. ಮುಳ್ಳಿನ ಲಗಾಮು ಹಾಕಿರತಾರ. ಕಾಲಿಗೆ ಹಗ್ಗಾ ಕಟ್ಟಿ, ಹಲಗಿ ಬಡಕೋತ ಬಡಕೋತ ಮುಂಗಾಲಿಗೆ ಹೊಡಿತಾರ. ಕಾಲ ಎತ್ತಿದ್ರ ಹೊಡೆತಾ ತಪ್ಪತೈತಿ. ಹಂಗ ಕಲಿತೈತಿ ಪಾಪ." ಹಲ್ಲು ನೋಡಿ, "ಆರು ವರ್ಷ ಅಂದ್ನಾ? ಇದಕ್ಕ ಹದಿನೈದರ ಮ್ಯಾಲ ಆಗೇತಿ" ಎಂದ.

ನನಗೆ ನಾಚಿಕೆಯಿಂದ ಕಿವಿ ಬಿಸಿಯಾದವು. ಆಮೇಲೆ ಬಂದ ಸಿಟ್ಟು ಇದುವರೆಗೆ ಪೂರ್ತಿ ಇಳಿದಿಲ್ಲ. ಗಂಡ ಮೊಬೈಲಿನಲ್ಲಿ ತೆಗೆದದ್ದನ್ನು ಅಳಿಸಿದರು. "ಗಾಡಿ ತಗೀರಿ, ಸೊರಡಿಗೆ ಹೋಗೂನು" ಎಂದೆ.

ಮಾರಿದವನು ಅಂಗಳದಲ್ಲಿ ಚಹಾ ಕುಡಿಯುತ್ತ ಕೂತಿದ್ದ. ನನ್ನನ್ನು ನೋಡಿಯೂ ನೋಡದವನಂತೆ, "ಬರ್ರಿ ಸಾವಕಾರ್ರ, ಕುಂದ್ರಿ" ಎಂದು ಗಂಡನಿಗೆ ಹೇಳಿದ.

"ಕುಂದ್ರಾಕ ಬಂದಿಲ್ಲ" ಎಂದೆ ನಾನು. "ಲಗ್ನದಾಗ ಕುಣಿಸಿದ ಕುದುರಿ ಅಂತ ಯಾಕ ಹೇಳಲಿಲ್ಲ?"

"ನೀವು ಕೇಳಲಿಲ್ಲಲ್ರಿ."

"ಯಾರೂ ಕೈ ಎತ್ತಿಲ್ಲ ಅಂದಿ. ಅದರ ಕಾಲ ನೋಡೀಯೇನು?"

ಅವನು ಗಂಡನ ಕಡೆ ತಿರುಗಿ, "ಹೆಣ್ಮಕ್ಕಳಿಗೆ ಕುದುರಿ ಯಾಕ ಬೇಕ್ರಿ ಸಾವಕಾರ್ರ? ಹೋದ ವರ್ಷ ಮದಿಮಗನ್ನ ಕೆಡವಿತು, ಅವನ ಸೊಂಟಾ ಹೋತು. ಅದಕ್ಕ ಮಾರೀನಿ. ತಂದು ಬಿಡ್ರಿ, ನಾಳಿಗೇ ಇನ್ನೊಬ್ಬರಿಗೆ ಕೊಡತೀನಿ" ಎಂದ.

ಎಷ್ಟು ಸಲೀಸಾಗಿ ಅಂದ! ಸೊಂಟ ಮುರಿಯುವ ಪ್ರಾಣಿಯನ್ನು, ಕೂಸನ್ನು ಅದರ ಹೊಟ್ಟೆ ಕೆಳಗೆ ಮಲಗಿಸು ಎಂದು ಹೇಳಿ ನನಗೆ ಕಟ್ಟಿದ್ದ. ನಾಳೆ ಇನ್ನೊಬ್ಬರಿಗೂ ಅದನ್ನೇ ಹೇಳುವವನಿದ್ದ. ಗಂಡ ಅಂಗಡಿಯವರು, ಗಿರಾಕಿಯೊಂದಿಗೂ ದನಿ ಏರಿಸುವವರಲ್ಲ. ಅಂದು ಮಾತ್ರ, "ಕುದುರಿ ಅಕೀದು. ಮಾತೂ ಅಕೀ ಸಂಗಾಟನ ಆಡು" ಎಂದರು.

"ಕುದುರಿ ತರಂಗಿಲ್ಲ" ಎಂದೆ. "ಆದ್ರ ಇನ್ನ ಸಂತ್ಯಾಗ ನೀ ಯಾರಿಗೆ ಏನು ಮಾರಾಕ ನಿಂತರೂ ಬಾಜೂಕ ನಾ ನಿಂತಿರತೀನಿ."

ನಿಂತೆ ಕೂಡ. ಐದಾರು ವಾರ ಸಂತೆಗೆ ಹೋಗಿ, ಅವನ ಗಿರಾಕಿಗಳಿಗೆ ಕಾಲಿನ ಕೂದಲು ಸರಿಸಿ ನೋಡಿ ಎಂದು ಹೇಳಿಕೊಟ್ಟೆ. ಅವನು ಬಾಯಿಗೆ ಬಂದಂತೆ ಬೈದ. ನಾನೂ ಬೈದೆ, ಕನ್ನಡದಲ್ಲೂ ಮರಾಠಿಯಲ್ಲೂ. ಈಗ ಅವನು ಇತ್ತ ಬರುವುದಿಲ್ಲ. ಬೇರೆಲ್ಲೋ ಮಾರುತ್ತಿರುತ್ತಾನೆ.

ಕುದುರೆಯೇನೂ ನನ್ನ ಜಗಳ ನೋಡಿ ಒಲಿಯಲಿಲ್ಲ. ಕಚ್ಚುವುದು ನಡೆದೇ ಇತ್ತು. ಮುದುಕ ಹೇಳಿದ್ದಂತೆ ಲಗಾಮು, ಜೀನು, ಕೋಲು ಯಾವುದೂ ಅದರ ಕಣ್ಣಿಗೆ ಬೀಳದಂತೆ ತೆಗೆದಿಟ್ಟೆ. ತೋಟದಲ್ಲಿ ಉದ್ದ ಹಗ್ಗ ಬಿಟ್ಟು ಕಟ್ಟಿ, ಅದಕ್ಕೆ ಬೆನ್ನು ಮಾಡಿ ಕೂತು ಊಟ ಮಾಡುತ್ತಿದ್ದೆ. ಪಕ್ಕದಲ್ಲಿ ಒಂದು ಸಜ್ಜೆ ರೊಟ್ಟಿ ಇಟ್ಟಿರುತ್ತಿದ್ದೆ. ಒಂದೂವರೆ ತಿಂಗಳು ಆ ರೊಟ್ಟಿಯನ್ನು ಇರುವೆಗಳೇ ತಿಂದವು. ಒಂದು ದಿನ ಕಿವಿಯ ಹಿಂದೆ ಬಿಸಿ ಉಸಿರು ತಾಕಿತು. ಅಲುಗಾಡದೆ ಕೂತೆ. ಕುದುರೆ ರೊಟ್ಟಿ ಎತ್ತಿಕೊಂಡು ದೂರ ಹೋಗಿ ತಿನ್ನುವುದು ಕೇಳಿಸಿತು. ನಾನು ಎದ್ದು ನೋಡಲಿಲ್ಲ, ಕೂತಲ್ಲೇ ಅತ್ತೆ.

ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅದನ್ನು ನಡೆಸಿಕೊಂಡು ತೋಟಕ್ಕೆ ಹೊರಟಿದ್ದೆ. ಡಾಂಬರು ರಸ್ತೆ ದಾಟುವಾಗ ತಿರುವಿನಿಂದ ಮದುವೆಯ ದಿಬ್ಬಣ ಬಂತು, ಮುಂದೆ ಹಲಗೆ ಬಾರಿಸುವವನು. ನನ್ನ ಪಕ್ಕದಲ್ಲಿ ಕುದುರೆಯ ಕೊರಳು ಬಿಗಿಯಿತು. ಕೋಲಿಲ್ಲ, ಹೊಡೆಯುವವರಿಲ್ಲ, ಆದರೂ ಮುಂಗಾಲು ಎತ್ತತೊಡಗಿತು. ಬಾಯಲ್ಲಿ ನೊರೆ, ಕಣ್ಣಿನ ಬಿಳಿ ಮೇಲಕ್ಕೆ ಬಂದಿತ್ತು. ಜನ ಸಿಳ್ಳೆ ಹೊಡೆದರು. "ಇನ್ನ ಜೋರಾಗಿ ಬಡೀರಿ!" ಎಂದು ಯಾರೋ ಕೂಗಿದರು.

"ಬಂದ್ ಮಾಡ್ರಿ!" ಎಂದು ಕಿರುಚಿದೆ. ಯಾರೂ ಕೇಳಲಿಲ್ಲ. ಹಗ್ಗ ಬಿಟ್ಟು, ರಸ್ತೆಯ ನಡುವೆ ಹೋಗಿ ಹಲಗೆಯ ಮೇಲೆ ಎರಡೂ ಅಂಗೈ ಊರಿದೆ. ಸದ್ದು ನಿಂತಿತು.

"ಲಗ್ನದಾಗ ಇದೇನ್ರಿ ಬಾಯಾರ, ಅಪಶಕುನಾ?" ಎಂದು ವರನ ಕಡೆಯ ಹಿರಿಯರೊಬ್ಬರು ಸಿಡುಕಿದರು.

"ಹೊಡೆತಾ ತಿಂದು ಕಲ್ತದ್ದಕ್ಕ ಸಿಳ್ಳಿ ಹೊಡೀತೀರಲ್ಲ, ಅದ್ರೀ ಅಪಶಕುನಾ!"

ಕುದುರೆಯ ಕಾಲು ಮಾತ್ರ ನಿಂತಿರಲಿಲ್ಲ. ಸದ್ದಿಲ್ಲದ ರಸ್ತೆಯಲ್ಲಿ ಅದೊಂದೇ ಕುಣಿಯುತ್ತಿತ್ತು. ಸಿಳ್ಳೆ ಹೊಡೆದವರು ಹಿಂದಕ್ಕೆ ಸರಿದರು. ನಾನು ಹೋಗಿ ಅದರ ಎದೆಗೆ ಭುಜ ಒತ್ತಿ ನಿಂತೆ. ತೋಳಿಗೆ ಬಾಯಿ ಹಾಕಿತು. ಬಿಡಿಸಿಕೊಳ್ಳಲಿಲ್ಲ. "ಸಾಕವ್ವಾ, ಸಾಕು, ಯಾರೂ ಹೊಡ್ಯಂಗಿಲ್ಲ" ಎನ್ನುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ಹಲ್ಲು ಸಡಿಲಾಯಿತು. ಒಂದು ಕಾಲು ನೆಲಕ್ಕೆ ಬಂತು, ಆಮೇಲೆ ಇನ್ನೊಂದು. ತಲೆಯ ಭಾರವನ್ನು ನನ್ನ ಹೆಗಲ ಮೇಲೆ ಬಿಟ್ಟು ನಡುಗುತ್ತ ನಿಂತಿತು.

ಈಗ ಮೂರನೆಯ ವರ್ಷ. ಲಗಾಮಿಲ್ಲದೆ, ಬೆನ್ನ ಮೇಲೆ ಮಡಚಿದ ಕಂಬಳಿ ಹಾಕಿ, ತೋಟಕ್ಕೆ ಅದರ ಮೇಲೆಯೇ ಹೋಗುತ್ತೇನೆ. ತನಗೆ ಮನಸ್ಸಿಲ್ಲದ ದಿನ ಅದು ಹತ್ತಗೊಡುವುದಿಲ್ಲ, ನಾನು ನಡೆಯುತ್ತೇನೆ. ಪಂಚಾಂಗದಲ್ಲಿ ಲಗ್ನದ ಮುಹೂರ್ತಗಳನ್ನು ನೋಡಿಟ್ಟುಕೊಂಡು ಆ ದಿನಗಳಲ್ಲಿ ಅದನ್ನು ಗುಡ್ಡದ ಆಚೆ ಮೇಯಲು ಒಯ್ಯುತ್ತೇನೆ. ಹೋದ ತಿಂಗಳು ಇಬ್ಬರು ಬಂದು, "ಮಗನ ಲಗ್ನಕ್ಕ ನಿಮ್ಮ ಕುಣಿಯೋ ಕುದುರಿ ಕೊಡ್ರಿ" ಎಂದು ಕೇಳಿದರು. ಅವರಿಗೆ ಅಂದದ್ದನ್ನು ಇಲ್ಲಿ ಬರೆಯುವಂತಿಲ್ಲ.