ವಿಷಲ್ ಎಲ್ಲಿರಬೇಕು

ಕಬಡ್ಡಿಯ ರೂಲ್ಸೆಲ್ಲ ನನಗೆ ಬಾಯಿಪಾಠ. ತಪ್ಪಾಗಿದ್ದೇ ಅಲ್ಲಿ.

ಹೋದ ವರ್ಷ ಹಿನಕಲ್‌ನಲ್ಲಿ ಹೆಂಗಸರ ಫೈನಲ್ ಪಂದ್ಯಕ್ಕೆ ನಾನು ಅಂಪೈರ್. ಕೊನೆಯ ರೈಡಿನಲ್ಲಿ, ಟೂರ್ನಮೆಂಟು ನಡೆಸುತ್ತಿದ್ದವರ ತಂಡದ ಹುಡುಗಿಯ ಕಾಲು ಅಂಕಣದ ಅಂಚಿನ ಸುಣ್ಣದ ಗೆರೆ ದಾಟಿತು. ವಿಷಲ್ ಊದಿ ಔಟ್ ಕೊಟ್ಟೆ. ವೇದಿಕೆಯ ಮೇಲಿದ್ದವರೆಲ್ಲ ಎದ್ದು ನಿಂತರು.

ರೆಫರಿಯಾಗಿದ್ದ ನಮ್ಮ ಹಿರಿಯರು ನಿಧಾನವಾಗಿ ಬಂದರು. ಆ ಗೆರೆಯನ್ನು ಬೂಟಿನಿಂದ ಚೆನ್ನಾಗಿ ಉಜ್ಜಿ, "ಗೆರೆನೇ ಅಳಿಸೋಗಿದೆ, ಔಟಿಲ್ಲ" ಅಂದರು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು:

"ಎಷ್ಟು ವರ್ಷ ಆಯ್ತ್ರೀ ಅಂಪೈರ್ ಆಗಿ?"

"ಹನ್ನೊಂದು, ಸಾರ್."

"ಇನ್ನೂ ಅನುಭವ ಸಾಲ್ದು ಕಣ್ರೀ. ವಿಷಲ್‌ನ ಯಾವಾಗ್ಲೂ ಬಾಯಲ್ಲೇ ಇಟ್ಕೊಂಡಿರ್ತೀರ. ಕೈಯಲ್ಲಿಟ್ಕೊಳ್ಳಿ. ಅದು ಬಾಯಿಗೆ ಬರೋಷ್ಟ್ರಲ್ಲಿ ವೇದಿಕೆ ಕಡೆ ಒಂದ್ಸಲ ನೋಡ್ಬುಡಬೋದು."

ಅದೊಂದು ಪಾಯಿಂಟಿನಲ್ಲಿ ಎದುರು ತಂಡ ಸೋತಿತು. ಅವರ ಕ್ಯಾಪ್ಟನ್ ಮೊಣಕೈಯ ರಕ್ತ ಒರೆಸಿಕೊಳ್ಳುತ್ತಾ ಬಂದು, "ಸಾರ್, ನೀವು ನೋಡಿದ್ರಿ ತಾನೇ?" ಅಂದಳು.

ನೋಡಿದ್ದೆ. ಸ್ಕೋರ್ ಶೀಟಿಗೆ ಸಹಿ ಹಾಕಿದೆ.

ಈ ವರ್ಷ ಅದೇ ವೇದಿಕೆಯಲ್ಲಿ ನನಗೆ ಶಾಲು ಹೊದಿಸಿ, "ನಮ್ಮ ಅನುಭವಿ ಅಂಪೈರ್" ಅಂತ ಮೈಕಿನಲ್ಲಿ ಹೊಗಳಿದರು. ಕೈ ಮುಗಿಯಲು ಹೋದರೆ ಎರಡು ಅಂಗೈ ಸೇರಲಿಲ್ಲ. ನಡುವೆ ವಿಷಲ್ ಇತ್ತು.