ಟೇಪು ನಂಬದ ಅನಿಬಾಲ್

ಮಾಂಟೆವಿಡಿಯೊದ ನಮ್ಮ ಟಿವಿ ಕೇಂದ್ರಕ್ಕೆ ಬರುವ ಟೇಪುಗಳನ್ನು ಪರೀಕ್ಷಿಸುವ ಅನಿಬಾಲ್, ಊರಿನವರೆಲ್ಲರಂತೆ ಕಂಕುಳಲ್ಲಿ ಚಹಾದ ಬಿಸಿನೀರಿನ ಫ್ಲಾಸ್ಕು ಅವುಚಿಕೊಂಡು, ಪ್ರತಿಯೊಂದನ್ನೂ ಕಳ್ಳನನ್ನು ನೋಡಿದಂತೆ ನೋಡುತ್ತಾನೆ. ಬ್ರೆಜಿಲ್‌ ಟೇಪಾದರಂತೂ ಮುಗಿದೇಹೋಯಿತು. ಅವರ ಬಣ್ಣದ ಪದ್ಧತಿಯೇ ಬೇರೆ, ನಮ್ಮ ಯಂತ್ರದಲ್ಲಿ ಎಲ್ಲ ಕಪ್ಪು ಬಿಳುಪು. "ನಮ್ಮ ಪದ್ಧತಿಗೆ ಬದಲಾಯಿಸೇ ತಂದಿದೀನಿ ಮಾರಾಯ!" ಎಂದರೆ, "ನಿಮ್ಮಮ್ಮನಾಣೆ ಇಟ್ರೂ ನಂಬಲ್ಲ, ಹಾಕಿ ತೋರ್ಸು" ಎನ್ನುತ್ತಾನೆ. ತೋರಿಸಿದರೆ, ನಟಿಯ ತುಟಿ ಅಷ್ಟೇಕೆ ಕೆಂಪು ಎಂದು ವಾಪಸು ಕಳಿಸುತ್ತಾನೆ. ಮೊನ್ನೆ ಬ್ರೆಜಿಲ್‌ನಲ್ಲಿರುವ ಅವನ ತಂಗಿ, ತನ್ನ ಮಗು ಮೊದಲ ಹೆಜ್ಜೆಯಿಟ್ಟ ಟೇಪು ಕಳಿಸಿದ್ದಳು. ಪದ್ಧತಿ ಬದಲಾಯಿಸುವ ಕೇಂದ್ರದ ಯಂತ್ರಕ್ಕೆ ಮನೆಯ ಟೇಪು ಹಾಕಕೂಡದೆಂಬುದು ಅವನದೇ ಕಟ್ಟಳೆ. ಮನೆಯಲ್ಲಿ ಕಪ್ಪು ಬಿಳುಪಿನಲ್ಲೇ ನೋಡಿ ಬಂದವನು ನಮ್ಮೆದುರೇ ಫೋನು ಮಾಡಿದ. "ಪಾಪು ಫ್ರಾಕು ಯಾವ ಬಣ್ಣ ಕಣೇ?" "ಹಳದಿ ಕಣೋ." ಮರುಪ್ರಶ್ನೆಯಿಲ್ಲದೆ ಫೋನಿಟ್ಟು ನಮ್ಮತ್ತ ತಿರುಗಿದ: "ಹಳದಿ ಫ್ರಾಕಲ್ಲಿ ನಮ್ಮ ಪಾಪು ಎಷ್ಟ್ ಚೆಂದ ಕಾಣ್ತಾಳೆ ಗೊತ್ತೇನ್ರೋ? ನಾನೇ ಕಣ್ಣಾರೆ ನೋಡ್ದೆ!"