ವುಡೆಂಡಿನ ಚುಕ್ಕಿ ಅಂಗಳ

ಮಹಾಶ್ವೇತಾ ಗಾರೆ ಕೆಲಸ ಮಾಡುತ್ತಾಳೆ ಎಂದು ಹೇಳುವಾಗ ಮೆಲ್ಬರ್ನಿನ ಕನ್ನಡದವರು ದನಿ ತಗ್ಗಿಸುತ್ತಿದ್ದರು, ಯಾರಿಗೋ ಕಾಯಿಲೆ ಬಂದ ಹಾಗೆ. ಗಂಡ ಗುರುದತ್ತ ಡಾಕ್‌ಲ್ಯಾಂಡ್ಸ್‌ನ ಬ್ಯಾಂಕಿನಲ್ಲಿ ಟೈ ಕಟ್ಟಿ ಕೂರುವವನು. ಹೆಂಡತಿ ಏನು ಮಾಡುತ್ತಾಳೆಂದು ಕೇಳಿದರೆ ‘ಕನ್‌ಸ್ಟ್ರಕ್ಷನ್ ಲೈನ್’ ಎಂದು ಮಾತು ತಿರುಗಿಸುತ್ತಿದ್ದ. ಧಾರವಾಡದಲ್ಲಿ ಸಿವಿಲ್ ಡಿಪ್ಲೊಮಾ ಮುಗಿಸಿದ್ದ ಅವಳಿಗೆ ಮಾತ್ರ ಇದರಲ್ಲಿ ಮುಚ್ಚಿಡುವಂಥದ್ದು ಏನೂ ಕಾಣುತ್ತಿರಲಿಲ್ಲ. “ಹೌದ್ರಿ, ಕಾಂಕ್ರೀಟ್ ಹಾಕ್ತೀನಿ. ನಿಮ್ಮ ಡ್ರೈವ್‌ವೇ ಬಿರುಕು ಬಿಟ್ಟೈತೇನು?” ಎಂದು ಎದುರಿಗೇ ಕೇಳಿಬಿಡುತ್ತಿದ್ದಳು.

ಅವಳಿಗೆ ಕೆಲಸ ಕೊಟ್ಟ ಯಜಮಾನ ಸ್ಯಾಂಡ್ರೊ ಇಟಲಿಯಿಂದ ಬಂದು ನೆಲೆಸಿದ ಮುದುಕ. ಹಸಿ ಕಾಂಕ್ರೀಟಿಗೆ ಬಣ್ಣ ಕೂಡಿಸಿ, ರಬ್ಬರ್ ಅಚ್ಚು ಒತ್ತಿ, ನೋಡಿದವರು ಚಪ್ಪಡಿ ಕಲ್ಲೇ ಎಂದು ಆಣೆ ಮಾಡುವ ಹಾಗೆ ಅಂಗಳ ಹಾಕುವುದು ಅವನ ಕಸುಬು. ಹೊಗಳಿಕೆಯ ವಿಷಯದಲ್ಲಿ ಮಹಾ ಜಿಪುಣ. ಅಂಥವನು ೨೦೦೫ರ ಏಪ್ರಿಲ್‌ನಲ್ಲಿ ವುಡೆಂಡಿನ ಒಂದು ಮನೆಯ ಅಂಗಳವನ್ನು ಪೂರ್ತಿ ಅವಳಿಗೇ ಬಿಟ್ಟ. ವುಡೆಂಡ್ ಎಂದರೆ ಮೆಲ್ಬರ್ನಿನಿಂದ ಉತ್ತರಕ್ಕೆ ಒಂದು ಗಂಟೆಯ ದಾರಿ, ಎತ್ತರದ ಊರು. ಅಲ್ಲಿ ಚಳಿಗಾಲವೆಂದರೆ ಜೂನ್‌ನಿಂದ ಆಗಸ್ಟ್; ಆಗ ಬೆಳಗಿನಲ್ಲಿ ಹುಲ್ಲೆಲ್ಲ ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. “ನೀನು ಹಾಕಿದ ನೆಲ ಒಂದು ಚಳಿಗಾಲ ತಡೆದರೆ ಲಾರಿಯ ಮೇಲೆ ನನ್ನ ಹೆಸರಿನ ಪಕ್ಕ ನಿನ್ನ ಹೆಸರು” ಎಂದ ಸ್ಯಾಂಡ್ರೊ. 

ಮನೆ ಹುಬ್ಬಳ್ಳಿಯ ಡಾಕ್ಟರ್ ಲಕ್ಷ್ಮೀಶನದು. ತಂದೆ ಕಲ್ಲಯ್ಯ, ತಾಯಿ ಅನ್ನಪೂರ್ಣವ್ವ ಅವನ ಜೊತೆಗೇ ಇದ್ದರು. ಮಹಾಶ್ವೇತಾ ಚಳಿಗೆ ತಕ್ಕ ಮಿಶ್ರಣ ತರಿಸಿದಳು. ನೀರು ನಿಲ್ಲದಂತೆ ಇಳಿಜಾರು ಕೊಟ್ಟಳು, ಬಿರುಕು ಬಿಟ್ಟರೂ ಗೆರೆಯಲ್ಲೇ ಬಿಡಲಿ ಎಂದು ಅಂಗಳವನ್ನು ಭಾಗ ಭಾಗವಾಗಿ ಕೊಯ್ದಳು, ಮೇಲೆ ನೀರು ಇಂಗದಂತೆ ಸೀಲರ್ ಎಂಬ ಲೇಪ ಬಳಿದಳು. ಕೊನೆಗೆ ಲಕ್ಷ್ಮೀಶನಿಗೆ ಇಂಗ್ಲಿಷಿನಲ್ಲಿ ಆರೈಕೆಯ ಪಾಠವನ್ನೂ ಮಾಡಿದಳು. ಎರಡು ಮೂರು ವರ್ಷಕ್ಕೊಮ್ಮೆ ಸೀಲರ್ ಬಳಿಸಬೇಕು, ಮಂಜುಗಡ್ಡೆ ಕಟ್ಟಿದರೆ ಮರಳು ಎರಚಬೇಕು, ಹೊಸ ಕಾಂಕ್ರೀಟಿನ ಮೇಲ್ಪದರ ತಿನ್ನುವ ಉಪ್ಪನ್ನು ಮಾತ್ರ ತೋರಿಸಲೂ ಬಾರದು. ಅವನು ತಲೆಯಾಡಿಸಿ ಆಸ್ಪತ್ರೆಗೆ ಹೋದ.

ಆಗಸ್ಟಿನಲ್ಲಿ ಕಲ್ಲಯ್ಯ ಫೋನ್ ಮಾಡಿದರು. “ತಂಗಿ, ನಿನ್ನ ಕಲ್ಲು ಹಪ್ಪಳ ಎದ್ದಂಗ ಏಳಾಕತ್ತೈತಿ ನೋಡವಾ.”

ಅವಳು ಹೋಗಿ ನೋಡಿದಳು. ಅಂಗಳವೆಲ್ಲ ಗಟ್ಟಿಯಾಗಿಯೇ ಇತ್ತು. ಬಾಗಿಲ ಮುಂದಿನ ಒಂದು ಭಾಗದಲ್ಲಿ ಮಾತ್ರ ಮೇಲ್ಪದರ ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಬೆರಳಿಂದ ಒರೆಸಿ ನಾಲಿಗೆಗೆ ಇಟ್ಟುಕೊಂಡಳು. ಉಪ್ಪು!

“ಅವ್ವಾರ, ಇಲ್ಲಿ ಉಪ್ಪು ಯಾರು ಹಾಕಿದ್ರಿ?”

“ನಾನ ಹಾಕೀನಿ,” ಎಂದರು ಅನ್ನಪೂರ್ಣವ್ವ, ಒಂದಿಷ್ಟೂ ಅಳುಕದೆ. “ನಸಿಕ್ಲೆ ಎದ್ದು ಬಾಗಿಲಿಗೆ ನೀರು ಹಾಕಿ ರಂಗೋಲಿ ಹಾಕತೀನಿ. ಆ ನೀರು ಬರ್ಫ ಆತು, ಇವರು ಜಾರಿ ಬಿದ್ರು. ಬಾಜೂ ಮನಿಯಾಕಿ ಉಪ್ಪು ಹಾಕ್ರಿ, ಕರಗತೈತಿ ಅಂದ್ಲು. ಹಾಕಿದೆ. ಬಾಗಿಲಿಗೆ ನೀರು ಹಾಕಲಾರದ ಹೆಂಗ ಇರೂದವಾ?”

 ಧಾರವಾಡದ ಮಹಾಶ್ವೇತಾಳ ಮನೆಯಲ್ಲೂ ಬೆಳಗಾದರೆ ಇದೇ ಪದ್ಧತಿ. ಹಬ್ಬದ ದಿನ ತಾನೂ ಮಾಡುವವಳೇ. ಆರೈಕೆಯ ಪಾಠವನ್ನೆಲ್ಲ ಆಸ್ಪತ್ರೆಗೆ ಹೊರಟವನಿಗೆ ಒಪ್ಪಿಸಿ, ದಿನಾ ಚೊಂಬು ಹಿಡಿದು ಬಾಗಿಲಿಗೆ ಬರುವವರನ್ನು ಮರೆತಿದ್ದಳು. ಅವಳಿಗೆ ತನ್ನ ಮೇಲೆಯೇ ಕೆಂಡದಂಥ ಸಿಟ್ಟು ಬಂತು.

ಹಾಳಾದ ಭಾಗವನ್ನು ಕಿತ್ತು ಅದೇ ಬಣ್ಣದಲ್ಲಿ ಹೊಸದಾಗಿ ಹಾಕಬಹುದಿತ್ತು. ಆದರೆ ಹೊಸ ಕಾಂಕ್ರೀಟಿನ ಬಣ್ಣ ಹಳೆಯದಕ್ಕೆ ಕೂಡುವುದಿಲ್ಲ, ಎಷ್ಟು ಹೆಣಗಿದರೂ ತೇಪೆ ತೇಪೆಯೇ. ಹಾಗಿದ್ದ ಮೇಲೆ ಕದ್ದುಮುಚ್ಚಿ ಏಕೆ ಮಾಡಬೇಕು ಎಂದುಕೊಂಡಳು. ಸೆಪ್ಟೆಂಬರಿನ ಬೆಚ್ಚನೆಯ ಒಂದು ವಾರ ನೋಡಿ ಆ ಭಾಗವನ್ನು ಕಿತ್ತು ಅಲ್ಲಿಗೆ ಕಪ್ಪು ಕಾಂಕ್ರೀಟ್ ಸುರಿದಳು. ಒಂದು ಬುಟ್ಟಿ ಬಿಳಿ ಹರಳು ತಂದು ಅನ್ನಪೂರ್ಣವ್ವನ ಮುಂದಿಟ್ಟಳು.

“ಚುಕ್ಕಿ ನೀವ ಇಡ್ರಿ ಅವ್ವಾರ. ಗೆರಿ ದಿನಾ ಬ್ಯಾರೆ ಹಾಕ್ರಿ. ಒಣ ಕಸಬರಿಗಿ, ಒಣ ಪುಡಿ. ನೀರು ಮಾತ್ರ ಬ್ಯಾಡ.”

ಹಲಗೆಯ ಮೇಲೆ ಮೊಣಕಾಲೂರಿ ಅನ್ನಪೂರ್ಣವ್ವ ಹಸಿ ನೆಲಕ್ಕೆ ಒಂದೊಂದೇ ಹರಳು ಒತ್ತಿದರು. ಒಂದೂ ಸಾಲು ತಪ್ಪಲಿಲ್ಲ. ರಾತ್ರಿಯ ಚಳಿ ತಾಗದಿರಲೆಂದು ಮಹಾಶ್ವೇತಾ ಅದಕ್ಕೆ ದಪ್ಪನೆಯ ಕಂಬಳಿಗಳನ್ನು ಹೊದಿಸುತ್ತಿದ್ದಾಗ ಕಲ್ಲಯ್ಯ, “ನನಗ ಒಂದ ಕಂಬಳಿ, ನೆಲಕ್ಕ ನಾಕು! ಭಾರಿ ನ್ಯಾಯ ಬಿಡವಾ,” ಎಂದು ನಕ್ಕರು.

ಅದೇ ತಿಂಗಳು ಸ್ಯಾಂಡ್ರೊ ನೋಡಲು ಬಂದ. ಅವನು ಕೇಳುವ ಮೊದಲೇ ಮಹಾಶ್ವೇತಾ ನೀರು, ಉಪ್ಪು, ತನ್ನ ಮರೆವು ಎಲ್ಲವನ್ನೂ ಹೇಳಿದಳು. ಅವನು ಕುಕ್ಕರಗಾಲಿನಲ್ಲಿ ಕೂತು ಹರಳುಗಳನ್ನು ಬಹಳ ಹೊತ್ತು ಸವರಿದ. “ಚೆನ್ನಾಗಿದೆ. ಆದರೆ ಇದು ಇನ್ನೂ ಚಳಿಗಾಲ ಕಂಡಿಲ್ಲ. ಹೆಸರು ಮುಂದಿನ ವರ್ಷ,” ಎಂದ. ವಾಪಸ್ ಬರುವ ದಾರಿಯಲ್ಲಿ ಅವಳು ಲಾರಿಯಲ್ಲೇ ಅತ್ತಳು. ಅವನು ರೇಡಿಯೊ ಜೋರು ಮಾಡಿದ.

ಮುಂದಿನ ಚಳಿಗಾಲ ಇನ್ನೂ ಕೆಟ್ಟದಾಗಿತ್ತು. ಕಪ್ಪು ನೆಲದ ಒಂದು ಹರಳೂ ಅಲ್ಲಾಡಲಿಲ್ಲ.

೨೦೦೬ರ ಸೆಪ್ಟೆಂಬರಿನಲ್ಲಿ ಸ್ಯಾಂಡ್ರೊ ಲಾರಿಯನ್ನು ನೇರ ವುಡೆಂಡಿಗೇ ತಂದು ನಿಲ್ಲಿಸಿದ. ಲಾರಿಯ ಬಾಗಿಲಿನ ಮೇಲೆ ಅವನ ಹೆಸರು, ಪಕ್ಕದಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ ಮಹಾಶ್ವೇತಾ. ಗುರುದತ್ತ ಅಂದು ಬ್ಯಾಂಕಿಗೆ ರಜೆ ಹಾಕಿ ಬಂದಿದ್ದ. ಪ್ಯಾರಮಟ್ಟಾದಲ್ಲಿದ್ದ ತನ್ನ ತಮ್ಮ ಸಂಪತನಿಗೆ ಫೋನ್ ಹಚ್ಚಿ, “ನಿಮ್ಮ ವೈನಿ ಕಾಂಕ್ರೀಟ್ ಹಾಕ್ತಾಳಪ್ಪಾ, ಕಾಂಕ್ರೀಟ್! ಲಾರಿ ಮ್ಯಾಲೆ ಹೆಸರು ಬಂದೈತಿ!” ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದ.

ಅನ್ನಪೂರ್ಣವ್ವ ಲಾರಿಗೂ ಮಹಾಶ್ವೇತಾಳಿಗೂ ಕುಂಕುಮ ಹಚ್ಚಿ ಆರತಿ ಬೆಳಗಿದರು. ದೃಷ್ಟಿಯ ನೀರನ್ನು ಬಾಗಿಲ ಮುಂದೆ ಚೆಲ್ಲಲು ಹೋದ ಗುರುದತ್ತನ ಕೈಯನ್ನು ಗಪ್ಪನೆ ಹಿಡಿದರು.

“ಏ ತಮ್ಮಾ, ಆಕಡೆ ಹುಲ್ಲಿನಾಗ ಚೆಲ್ಲು. ಇದು ನನ್ನ ಮಗಳು ಹಾಕಿದ ನೆಲ.”